ಪ್ರಾಣಿಗಳಿಗೆ ಓದಿ ಹೇಳದ ನಿಯಮ

ಅಂಬಾತೊ
14 ಸೆಪ್ಟೆಂಬರ್ 1997

ದೋನ್ ಎಲಿಸೆಯೊ ತುಪೀಸಾ ಅವರಿಗೆ,
ಪ್ವೆರ್ತೊ ವಿಯಾಮಿಲ್, ಇಸಬೇಲಾ ದ್ವೀಪ, ಗಲಾಪಗಸ್

ನಮಸ್ಕಾರ. ನಾನು ಲಸ್ತೇನಿಯಾ ವಿಯಾಸಿಸ್. ಇಲ್ಲಿನ ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ಕೂತು, ಊರವರ ಜಗಳ, ಸರಸ, ಸಾವಿನ ಸುದ್ದಿ ಎಲ್ಲವನ್ನೂ ಒಂದು ತೂತಿನಿಂದ ಇನ್ನೊಂದು ತೂತಿಗೆ ಸಿಕ್ಕಿಸಿ ಕಳಿಸಿದವಳು. ನಿವೃತ್ತಳಾದ ಮೇಲೆ ಫೋನಿನ ಮುಖ ಕಂಡರೆ ನನಗಾಗದು. ಅದಕ್ಕೇ ಕಾಗದ.

ನಾನು ನಿಮ್ಮ ದ್ವೀಪಗಳನ್ನು ನೋಡಬೇಕು. ಹುಟ್ಟಿದ್ದು ಈ ದೇಶದಲ್ಲೇ, ಆದರೂ ನಮ್ಮ ದೈತ್ಯ ಆಮೆಯ ಪರಿಚಯ ಅಂಚೆಚೀಟಿಯ ಬೆನ್ನು ನೆಕ್ಕಿದಷ್ಟೇ. ಬರುವ ಮಾರ್ಚಿನಲ್ಲಿ ಬರಬೇಕು. ಅದರ ಮುಂದಿನ ಮಾರ್ಚು ನನ್ನ ಲೆಕ್ಕದಲ್ಲಿಲ್ಲ, ಏಕೆಂದು ಕೇಳಬೇಡಿ. ನನ್ನ ಜೊತೆ ಕಚೇರಿಯ ಮೂವರು ಹಳೆಯ ಗೆಳತಿಯರು ಬರುತ್ತಾರೆ.

ಮೇಜಿನ ಮೇಲೆ ಮೂರು ಕಡೆಯ ಕಾಗದಗಳಿವೆ. ಒಂದು ತೊಂಬತ್ತು ಜನರ ಹಡಗು, ಅದರಲ್ಲಿ ಪಿಯಾನೊ ಇದೆಯಂತೆ. ಇನ್ನೊಂದು ಹದಿನಾರು ಜನರ ಬಿಳಿ ನೌಕೆ. ಮೂರನೆಯದು ನಿಮ್ಮ ಒಂದು ಹಾಳೆ. ಅಣ್ಣನ ಮಗಳು ಮಿರೆಯಾ ಓದಿ ಹೇಳಿದಳು: "ಎಂಟು ಜನಕ್ಕಿಂತ ಹೆಚ್ಚು ಕರೆದೊಯ್ಯುವುದಿಲ್ಲ. ಅವಸರದವರು ಬೇರೆ ದೋಣಿ ನೋಡಿಕೊಳ್ಳಿ." ವ್ಯಾಪಾರ ಮಾಡುವವನು ಹೀಗೂ ಬರೆಯುತ್ತಾನೆಯೇ ಎಂದು ನಕ್ಕೆ. ಆಮೇಲೆ ಆ ಹಾಳೆಯನ್ನು ಮಾತ್ರ ಬೇರೆ ಎತ್ತಿಟ್ಟೆ.

ಆರಿಸುವ ಮೊದಲು ಕೆಲವು ಪ್ರಶ್ನೆ. ನೀವು ನಡೆಯುವಾಗ ಮಾತಾಡುತ್ತೀರೋ, ಇಲ್ಲ ಬೆರಳು ತೋರಿಸಿ "ಅಗೋ ಅಲ್ಲಿ" ಎಂದು ಸುಮ್ಮನಾಗುತ್ತೀರೋ? ಸಾಲಿನಲ್ಲಿ ಹಿಂದೆ ಬಿದ್ದವರ ಗತಿ ಏನು? ಪ್ರಾಣಿಗಳು ಎಷ್ಟು ಹತ್ತಿರ ಇರುತ್ತವೆ?

ಇಂತಿ,
ಲಸ್ತೇನಿಯಾ ವಿಯಾಸಿಸ್


ಪ್ವೆರ್ತೊ ವಿಯಾಮಿಲ್
2 ಅಕ್ಟೋಬರ್ 1997

ದೋನ್ಯಾ ಲಸ್ತೇನಿಯಾ ಅವರಿಗೆ,

ನಿಮ್ಮ ಕಾಗದ ಸಿಕ್ಕಿತು. ಒಂದೊಂದು ಅಕ್ಷರವೂ ಹುರಿಗಡಲೆಯಲ್ಲ, ಹಲಸಿನ ಬೀಜದಷ್ಟಿದೆ. ನನ್ನ ಅತ್ತೆ ಲಕೋಟೆ ನೋಡಿದವರೇ, "ಯಾರೋ ಕೂಗ್ತಾ ಇದಾರೆ ಕಣಪ್ಪಾ, ಬೇಗ ಓ ಅನ್ನು" ಎಂದರು. ಆದ್ದರಿಂದ ಬೇಗ ಬರೆಯುತ್ತಿದ್ದೇನೆ. ನಾವು ದೂರದಲ್ಲಿದ್ದೇವೆಯೇ ಹೊರತು ಕಿವುಡರಲ್ಲ.

ದೋಣಿಯ ಹೆಸರು 'ಕ್ಲೊತಿಲ್ದೆ'. ಅದು ಅತ್ತೆಯ ಹೆಸರು. ಬೆಟ್ಟದ ಮೇಲಿನ ದನಗಳನ್ನು ಮಾರಿ ದೋಣಿ ಕೊಡಿಸಿದವರು ಅವರು, ಹಾಗಾಗಿ ಎಂಜಿನ್ ಕೈಕೊಟ್ಟಾಗಲೂ ನಾವು ಯಾರೂ ದೋಣಿಯನ್ನು ಬೈಯುವಂತಿಲ್ಲ. ಚುಕ್ಕಾಣಿ ಹಿಡಿಯುವವನು ಬಾವಮೈದ ವಾಷಿಂಗ್ಟನ್. ಅಡುಗೆ ನನ್ನ ಹೆಂಡತಿ ನೆಲ್ಲಿಯದು. ಮಾರ್ಗದರ್ಶಿ ನಾನು. ಪಿಯಾನೊ ಇಲ್ಲ. ವಾಷಿಂಗ್ಟನ್ ಗೊರಕೆ ಹೊಡೆಯುತ್ತಾನೆ, ಅದೇ ಸಂಗೀತ.

ನಾನು ಮಾತಾಡುತ್ತೇನೆ, ಬೇಕಾದ್ದಕ್ಕಿಂತ ಹೆಚ್ಚು, ನೆಲ್ಲಿ ಸಾಕ್ಷಿ. ಹಿಂದೆ ಬಿದ್ದವರಿಗಾಗಿ ಇಡೀ ಸಾಲನ್ನು ತಿರುಗಿಸಿ ನಿಲ್ಲಿಸುತ್ತೇನೆ, ಆಗ ಅವರೇ ಮುಂದಿನವರು. ಎಂಟು ಜನರಾದರೆ ಇದು ಆಗುತ್ತದೆ, ಹದಿನಾರಾದರೆ ಸಂತೆ. ಇನ್ನು ಹತ್ತಿರದ ಮಾತು. ಯಾವ ಪ್ರಾಣಿಯಿಂದಲೂ ನಾವು ಎರಡು ಮೀಟರು ದೂರ ನಿಲ್ಲಬೇಕು. ರಾಷ್ಟ್ರೀಯ ಉದ್ಯಾನದ ನಿಯಮ.

ನಿಮ್ಮವ,
ಎಲಿಸೆಯೊ ತುಪೀಸಾ


ಅಂಬಾತೊ
3 ನವೆಂಬರ್ 1997

ದೋನ್ ಎಲಿಸೆಯೊ,

ನಿನ್ನೆ ಸತ್ತವರ ಹಬ್ಬ. ಸಮಾಧಿಗಳಿಗೆ ಹೂವಿಟ್ಟು ಬಂದು, ನಾವು ನಾಲ್ವರೂ ನೇರಳೆ ಬಣ್ಣದ ಗಂಜಿ ಕುಡಿಯುತ್ತ, ಮಗುವಿನ ಆಕಾರದ ಬ್ರೆಡ್ಡಿನ ತಲೆ ಮುರಿಯುತ್ತ ಪ್ರವಾಸದ ಚರ್ಚೆ ಮಾಡಿದೆವು. ಬ್ಲಾಂಕಾಗೆ ಪಿಯಾನೊ ಬೇಕಂತೆ. "ಹಕ್ಕಿ ನೋಡೋಕೆ ನಮ್ಮ ಹಿತ್ತಲು ಸಾಲದೇನೇ? ದೊಡ್ಡ ಹಡಗಲ್ಲಿ ಗಂಡಸರಾದ್ರೂ ಇರ್ತಾರೆ," ಎಂದಳು. ಬ್ಲಾಂಕಾ ನನ್ನ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷ ಕೂತವಳು. ಎರಡು ಕರೆಗಳ ನಡುವೆಯೂ ಅವಳ ಬಾಯಿ ಮುಚ್ಚಿದ್ದನ್ನು ನಾನು ಕಂಡಿಲ್ಲ.

ನನಗೆ ನಿಮ್ಮ ಎರಡು ಮೀಟರಿನದೇ ಯೋಚನೆ. ಅದು ಬಹಳ ಕಟ್ಟುನಿಟ್ಟೇ? ಯಾರೋ ಒಬ್ಬರು, ವಯಸ್ಸಾದವರು, ಮೆಲ್ಲಗೆ, ಒಂದೇ ಒಂದು ಸಲ ಒಂದು ಮೊಳದಷ್ಟು ಹತ್ತಿರ ಹೋದರೆ? ನೀವು ಆ ಹೊತ್ತಿಗೆ ಸಮುದ್ರದ ಕಡೆ ನೋಡುತ್ತಿದ್ದರೆ?

ಲಸ್ತೇನಿಯಾ


ಪ್ವೆರ್ತೊ ವಿಯಾಮಿಲ್
20 ನವೆಂಬರ್ 1997

ದೋನ್ಯಾ ಲಸ್ತೇನಿಯಾ,

ಅಯ್ಯೋ, ನೀವೂ ಆ ಗುಂಪಿನವರೇ? ನಿಮ್ಮ ಮೊದಲ ಕಾಗದ ಓದಿ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದೆ.

ಕೇಳಿ. ಒಮ್ಮೆ ಒಬ್ಬ ಹೆಂಗಸು, ನೋಡಲು ನನ್ನ ತಾಯಿಯಂಥವರು, ನಾನು ಅತ್ತ ತಿರುಗಿದ್ದೇ ತಡ ಕಡಲಸಿಂಹದ ಮರಿಯ ತಲೆ ಸವರಿದರು. "ಪಾಪ, ಮುದ್ದಾಗಿದೆ" ಎಂದರು. ತಾಯಿ ಬಂದು ಮೂಸಿತು, ಮನುಷ್ಯರ ವಾಸನೆ ಬಂತು, ತನ್ನ ಮರಿಯಲ್ಲವೆಂದು ಹೊರಟೇಹೋಯಿತು. ಮುಂದಿನ ವಾರ ನಾನು ಅಲ್ಲಿಗೆ ಹೋದಾಗ ಮರಿ ಇನ್ನೂ ಅದೇ ಬಂಡೆಯ ಮೇಲಿತ್ತು. ಉಳಿದದ್ದು ಬರೆಯುವುದಿಲ್ಲ.

ನಾನು ಸಮುದ್ರದ ಕಡೆ ನೋಡುವವನಲ್ಲ. ಮುಟ್ಟುವ ಚಪಲವಿದ್ದರೆ ದಯವಿಟ್ಟು ಪಿಯಾನೊ ಇರುವ ಹಡಗನ್ನೇ ಹಿಡಿಯಿರಿ.

ಎಲಿಸೆಯೊ ತುಪೀಸಾ


ಅಂಬಾತೊ
5 ಡಿಸೆಂಬರ್ 1997

ದೋನ್ ಎಲಿಸೆಯೊ,

ಬೈಗುಳ ತಲುಪಿತು. ಧನ್ಯವಾದ.

ನಿಮ್ಮ ದೋಣಿಯನ್ನೇ ಆರಿಸಿದ್ದೇವೆ. ಕಾರಣ ಹೇಳುತ್ತೇನೆ. ದೊಡ್ಡ ಹಡಗಿನ ಕಚೇರಿಗೂ ಮಿರೆಯಾಳ ಕೈಯಲ್ಲಿ ಅದೇ ಪ್ರಶ್ನೆ ಕೇಳಿಸಿದ್ದೆ. "ಅದಕ್ಕೇನಂತೆ ಮೇಡಂ, ನಿಮ್ಮಿಷ್ಟ, ಎಲ್ಲಾ ಅಡ್ಜಸ್ಟ್ ಮಾಡ್ತೀವಿ" ಎಂದರಂತೆ. ಮೂವತ್ತು ವರ್ಷ ತಂತಿಯ ಮೇಲೆ ದನಿ ಕೇಳಿದವಳು ನಾನು. ಎಲ್ಲದಕ್ಕೂ ಹೂಂ ಅನ್ನುವವನನ್ನು ನಂಬಬಾರದೆಂದು ಕಲಿತಿದ್ದೇನೆ. ನಿಮ್ಮ ಬೈಗುಳದಲ್ಲಿ ಆ ಮರಿಯ ಮೇಲಿನ ಸಂಕಟ ಕೇಳಿಸಿತು.

ನನಗೆ ಮುಟ್ಟುವ ಚಪಲವಿಲ್ಲ. ಇಷ್ಟನ್ನು ನಂಬಿ. ಮಾರ್ಚ್ ಮೊದಲ ವಾರ ನಾಲ್ವರು ಬರುತ್ತೇವೆ. ಬ್ಲಾಂಕಾ ಈಗಾಗಲೇ ಟೋಪಿ ಕೊಂಡಿದ್ದಾಳೆ, ಬಂಡಿ ಚಕ್ರದಷ್ಟಿದೆ. ರಾತ್ರಿ ಮಲಗಿದಾಗ ನೀಲಿಗಾಲಿನ ಹಕ್ಕಿ ಹೆಜ್ಜೆ ಎತ್ತೆತ್ತಿ ಕುಣಿಯುವುದೇ ಕಣ್ಣಮುಂದೆ ಬರುತ್ತದೆ. ಈ ವಯಸ್ಸಿನಲ್ಲಿ ಒಂದು ಹಬ್ಬಕ್ಕೆ ಕಾಯುವಂತೆ ಕಾಯುವ ಭಾಗ್ಯ ಎಷ್ಟು ಜನಕ್ಕಿದೆ?

ಲಸ್ತೇನಿಯಾ


ಪ್ವೆರ್ತೊ ವಿಯಾಮಿಲ್
28 ಡಿಸೆಂಬರ್ 1997

ಮಾನ್ಯ ದೋನ್ಯಾ ಲಸ್ತೇನಿಯಾ ವಿಯಾಸಿಸ್ ಅವರಿಗೆ,

ಹೊಸ ವರ್ಷದ ಶುಭಾಶಯ. ಈ ವರ್ಷ ನೀವು ಬಾರದಿರುವುದು ಒಳ್ಳೆಯದು. ಮುಂದಿನ ವರ್ಷ ಬನ್ನಿ. ಆಗ ನಿಮ್ಮ ನಾಲ್ವರ ಜಾಗ ನನ್ನ ದೋಣಿಯಲ್ಲಿ ಖಂಡಿತ ಇರುತ್ತದೆ. ಕಾರಣ ಕೇಳಬೇಡಿ.

ಇಂತಿ ನಮಸ್ಕಾರಗಳು,
ಎಲಿಸೆಯೊ ತುಪೀಸಾ


ಅಂಬಾತೊ
13 ಜನವರಿ 1998

ತುಪೀಸಾ ಅವರೇ,

ಯಾರು ಹೇಳಿದರು ನಿಮಗೆ? ಮಿರೆಯಾ ಗುಟ್ಟಾಗಿ ಬರೆದಳೇ? ಇಲ್ಲ ಎಂದು ಶಿಲುಬೆಯ ಆಣೆ ಇಡುತ್ತಿದ್ದಾಳೆ. ಹಾಗಾದರೆ ನನ್ನ ಅಕ್ಷರದ ಗಾತ್ರ ನೋಡಿ ನೀವೇ ಊಹಿಸಿದಿರಿ.

ಸರಿ, ನಾನೇ ಹೇಳಿಬಿಡುತ್ತೇನೆ. ನನ್ನ ಕಣ್ಣು ಹೋಗುತ್ತಿದೆ. ಒಂದು ಮೊಳದ ಒಳಗೆ ಬಂದದ್ದು ಇನ್ನೂ ಕಾಣುತ್ತದೆ. ಅದರಾಚೆ ಎಲ್ಲವೂ ಹಾಲು ಚೆಲ್ಲಿದಂತೆ. ಬರುವ ಕ್ರಿಸ್ಮಸ್ ಹೊತ್ತಿಗೆ ಆ ಒಂದು ಮೊಳವೂ ಇರುವುದಿಲ್ಲವೆಂದು ಕೀತೊದ ವೈದ್ಯರು ಹೇಳಿದ್ದಾರೆ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದುಕೊಂಡು, ಇರುವಷ್ಟರಲ್ಲಿ ಏನು ನೋಡಲಿ ಎಂದು ಯೋಚಿಸಿದೆ. ಗಂಡ ಇಲ್ಲ, ಮಕ್ಕಳಿಲ್ಲ. ಮನುಷ್ಯರ ದನಿಯನ್ನಂತೂ ಬೇಕಾದಷ್ಟು ಕೇಳಿ ಆಗಿದೆ. ಮನುಷ್ಯರಿಗೆ ಹೆದರದ ಪ್ರಾಣಿಗಳಿವೆ, ಅದೂ ನನ್ನದೇ ದೇಶದಲ್ಲಿ. ಅವುಗಳಲ್ಲಿ ಒಂದನ್ನಾದರೂ ಸರಿಯಾಗಿ ನೋಡಿ ಬರೋಣವೆಂದುಕೊಂಡೆ. ಸಣ್ಣ ಗುಂಪು ಹುಡುಕಿದ್ದು ಅದಕ್ಕೆ. ನಡೆಯುವಾಗ ಮಾತಾಡುವ ಮಾರ್ಗದರ್ಶಿ ಬೇಕೆಂದದ್ದು ಅದಕ್ಕೆ. ಒಂದು ಮೊಳ ಎಂದು ಚೌಕಾಸಿ ಮಾಡಿದ್ದೂ ಅದಕ್ಕೇ.

ಕುರುಡಿಯನ್ನು ಬಂಡೆಯ ಮೇಲೆ ಕೈಹಿಡಿದು ನಡೆಸುವ ಉಸಾಬರಿ ಬೇಡವೆಂದು ನಿಮಗನಿಸಿದ್ದು ತಪ್ಪಲ್ಲ. ಆದರೆ ಅದನ್ನು ನೇರವಾಗಿ ಹೇಳುವ ಬಾಯಿ ನಿಮ್ಮದು ಎಂದು ನಂಬಿ ನಿಮ್ಮನ್ನು ಆರಿಸಿದ್ದೆ. "ಮುಂದಿನ ವರ್ಷ" ಎಂದು ತೇಲಿಸಿ ಕಳಿಸಿದಿರಲ್ಲ, ಅದು ನೋಯಿಸಿತು.

ಲ. ವಿಯಾಸಿಸ್


ಪ್ವೆರ್ತೊ ವಿಯಾಮಿಲ್
27 ಜನವರಿ 1998

ದೋನ್ಯಾ ಲಸ್ತೇನಿಯಾ,

ದೇವರಾಣೆಗೂ ನಿಮ್ಮ ಕಣ್ಣಿನ ವಿಷಯ ನನಗೆ ಗೊತ್ತಿರಲಿಲ್ಲ. ಅಕ್ಷರ ದೊಡ್ಡದೆಂದು ತಮಾಷೆ ಮಾಡಿದವನು ನಾನು; ನಿಮ್ಮ ಕಾಗದ ಓದಿ ಊಟ ಸೇರಲಿಲ್ಲ.

ನಾನು ಬೇಡ ಎಂದದ್ದು ಬೇರೆ ಕಾರಣಕ್ಕೆ. ಊರಿನ ದೋಣಿಯವರೆಲ್ಲ ಇಗರ್ಜಿಯ ಮುಂದೆ ಸೇರಿ, ಇದನ್ನು ಹೊರಗಿನವರಿಗೆ ಹೇಳುವುದು ಬೇಡ ಎಂದು ಮಾತಾಡಿಕೊಂಡಿದ್ದೆವು. ಈಗ ಆ ಮಾತು ಮುರಿಯುತ್ತೇನೆ. ಕ್ರಿಸ್ಮಸ್ ಹೊತ್ತಿಗೆ ಬರುವ ಬಿಸಿನೀರು, ಎಲ್ ನಿನ್ಯೊ, ಈ ಸಲ ಬೇಗನೆ ಬಂದದ್ದು ಹೋಗಲೇ ಇಲ್ಲ. ಕಡಲು ಸಾರಿನಂತೆ ಬಿಸಿಯಾಗಿದೆ. ತಣ್ಣೀರಿನಲ್ಲಿ ಬೆಳೆಯುವ ಪಾಚಿ ಸತ್ತಿದೆ, ಅದನ್ನೇ ನಂಬಿದ ಕಡಲ ಉಡಗಳು ಎಲುಬು ಕಾಣುವಂತೆ ಬಂಡೆಗಳ ಮೇಲೆ ಬಿದ್ದಿವೆ. ಮೀನು ತಳಕ್ಕೆ ಹೋಗಿದೆ. ಕಡಲಸಿಂಹಗಳ ಮರಿಗಳು ಒಂದೊಂದಾಗಿ ಹೋಗುತ್ತಿವೆ. ನೀಲಿಗಾಲಿನ ಹಕ್ಕಿಗಳು ಮೊಟ್ಟೆಗಳನ್ನು ಬಿಟ್ಟು ಹಾರಿಹೋದವು. ನೀವು ಕಾಯುತ್ತಿರುವ ಕುಣಿತ ಈ ವರ್ಷ ಇಲ್ಲ. ಹಬ್ಬಕ್ಕೆ ಕಾಯುವಂತೆ ಕಾಯುತ್ತಿದ್ದೇನೆ ಎಂದು ಬರೆದಿದ್ದಿರಿ. ಹಾಗೆ ಬರೆದವರನ್ನು ಸಾವಿನ ಮನೆಗೆ ಹೇಗೆ ಕರೆಯಲಿ? ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳುವಂತಿರಲಿಲ್ಲ. ಅದಕ್ಕೇ ಆ ಸರ್ಕಾರಿ ಕಾಗದ ಬರೆದೆ.

ನಿಮ್ಮ ಪತ್ರವನ್ನು ಮನೆಯಲ್ಲಿ ಓದಿದೆ. ನೆಲ್ಲಿ ಅತ್ತಳು. ಅತ್ತೆ ಬೀನ್ಸ್ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನೀವು ಅವುಗಳ ಹತ್ರ ಹೋಗಬಾರದು, ಸರಿ. ಅವೇ ಹತ್ರ ಬಂದ್ರೆ? ನಿನ್ನ ಎರಡು ಮೀಟ್ರು ನಿಯಮನ ಅವಕ್ಕೆ ಯಾರು ಓದಿ ಹೇಳಿದಾರೆ?" ಎಂದರು.

ನಿಜ. ಅಲುಗದೆ ಕೂತವರ ಬಳಿಗೆ ಇಲ್ಲಿನ ಪ್ರಾಣಿಗಳು ತಾವೇ ಬರುತ್ತವೆ. ಸಾಲಾಗಿ ಬಂದು ಸಾಲಾಗಿ ಹೋಗುವ ದೊಡ್ಡ ಗುಂಪಿಗೆ ಕೂರಲು ಪುರುಸೊತ್ತಿಲ್ಲ, ನಮಗಿದೆ. ಇನ್ನೊಂದು ಮಾತು. ನಾನು ಕಡಲಿನವನು, ಕಡಲು ಕೆಟ್ಟರೆ ಎಲ್ಲವೂ ಕೆಟ್ಟಿತೆಂದು ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ನಿಮ್ಮ ಕಾಗದ ಓದಿದ ಮೇಲೆ ದಡಕ್ಕೆ ಬೆನ್ನು ಹಾಕಿ ಜ್ವಾಲಾಮುಖಿಯ ಕಡೆ ನಡೆದುನೋಡಿದೆ. ಕಡಲನ್ನು ಕೊಂದ ಅದೇ ಬಿಸಿ ನೆಲಕ್ಕೆ ಮಳೆ ಸುರಿಸಿದೆ. ಕರಿಬಂಡೆಯ ಬಿರುಕುಗಳಲ್ಲೆಲ್ಲ ಹಸಿರು, ಹುಳಹುಪ್ಪಟೆಯ ಸುಗ್ಗಿ. ಕುಕುವೆ ಎಂಬ ನಮ್ಮ ಅಣಕುಹಕ್ಕಿ ಒಂದು ಗೂಡು ಮುಗಿಸಿ ಇನ್ನೊಂದು, ಅದಾದ ಮೇಲೆ ಮತ್ತೊಂದು ಎಂದು ಮರಿ ಮಾಡುತ್ತಲೇ ಇದೆ. ಆ ಮರಿಗಳಷ್ಟು ಅಧಿಕಪ್ರಸಂಗಿಗಳು ಲೋಕದಲ್ಲಿಲ್ಲ.

ಏನು ಇದೆ, ಏನು ಇಲ್ಲ ಎಂದು ಹೇಳಿದ್ದೇನೆ. ಯಾವುದನ್ನು ಆರಿಸುತ್ತೀರೋ ನಿಮಗೆ ಬಿಟ್ಟದ್ದು. ಬರುವುದಾದರೆ ಒಂದೇ ಷರತ್ತು: ನಿಮ್ಮ ಬ್ಲಾಂಕಾ ಬಾಯಿ ಮುಚ್ಚಿ ಕೂರಬಲ್ಲರೇ?

ಎಲಿಸೆಯೊ


ಅಂಬಾತೊ
12 ಫೆಬ್ರವರಿ 1998

ಎಲಿಸೆಯೊ,

ಬರುತ್ತೇವೆ. ಸಾವಿನ ಮನೆಯೆಂದಿರಿ. ಸಾವಿನ ಮನೆಗೆ ಕರೆಯುವ ರೂಢಿ ನಮ್ಮಲ್ಲೂ ಇಲ್ಲ, ಗೊತ್ತಾದವರು ಹೋಗುತ್ತಾರೆ.

ಬ್ಲಾಂಕಾ ಈಗಿನಿಂದಲೇ ಅಭ್ಯಾಸಕ್ಕೆ ಕೂತಿದ್ದಾಳೆ. ಇಂದು ಒಂದು ಕಪ್ ಕಾಫಿ ಮುಗಿಯುವವರೆಗೆ ಸುಮ್ಮನಿದ್ದಳು. ಆಮೇಲೆ ಅಷ್ಟೂ ಹೊತ್ತಿನ ಬಾಕಿಯನ್ನು ಒಂದೇ ಉಸಿರಿನಲ್ಲಿ ತೀರಿಸಿದಳು.

ನಿಮ್ಮ ಅತ್ತೆಗೆ ನನ್ನ ನಮಸ್ಕಾರ. ಅವರಿಗೆಂದೇ ಇಲ್ಲಿಂದ ಒಂದು ವಿಶೇಷ ತರುತ್ತಿದ್ದೇನೆ. ಏನೆಂದು ಈಗ ಹೇಳುವುದಿಲ್ಲ.

ಲಸ್ತೇನಿಯಾ


ಅಂಬಾತೊ
22 ಮಾರ್ಚ್ 1998

ಪ್ರೀತಿಯ ಎಲಿಸೆಯೊ,

ಊರು ಸೇರಿ ವಾರ ಕಳೆಯಿತು. ಹೊರಡುವ ಗಡಿಬಿಡಿಯಲ್ಲಿ ನಿಮಗೆ ಹೇಳಬೇಕಾದದ್ದೆಲ್ಲ ಉಳಿದುಹೋಯಿತು. ಅದನ್ನೆಲ್ಲ ಈಗ ಹೇಳುತ್ತೇನೆ.

ಮೊದಲು ಒಂದು ಗುಟ್ಟು. ನಾವು ನಾಲ್ವರೂ ಮೊದಲ ದಿನ ಹೊಟ್ಟೆ ಹಿಡಿದುಕೊಂಡು ದೋಣಿ ಹತ್ತಿದೆವಲ್ಲ, ನೀವು ಕಡಲ ಓಕರಿಕೆಯೆಂದು ಶುಂಠಿ ನೀರು ಕುಡಿಸಿದಿರಿ. ಅದು ಕಡಲಿನದಲ್ಲ. ನಿಮ್ಮ ಅತ್ತೆಗೆಂದು ಒಂದು ಬುಟ್ಟಿ ಗ್ವಾಯ್ತಾಂಬೊ, ನಮ್ಮೂರಿನ ಪೀಚ್ ಹಣ್ಣು, ತಂದಿದ್ದೆ. ಅಂಬಾತೊದವರು ಬರಿಗೈಯಲ್ಲಿ ಯಾರ ಮನೆಗಾದರೂ ಹೋದದ್ದುಂಟೇ! ವಿಮಾನ ನಿಲ್ದಾಣದ ತಪಾಸಣೆಯವನು ಬುಟ್ಟಿ ಕಂಡು ಹೌಹಾರಿದ. "ಅಮ್ಮಾ, ಬೀಜ ಇರೋ ಒಂದು ಹಣ್ಣೂ ದ್ವೀಪಕ್ಕೆ ಬಿಡೋ ಹಾಗಿಲ್ಲ, ಕಸಕ್ಕೆ ಹಾಕ್ತೀನಿ" ಎಂದ. ನಮ್ಮೂರ ಹಣ್ಣು ಕಸಕ್ಕೆ! "ಹೊಟ್ಟೇಲಿ ಹೋದ್ರೆ ಬಿಡ್ತೀಯೇನಪ್ಪಾ?" ಎಂದಳು ಬ್ಲಾಂಕಾ. ಅವನು ಬುಟ್ಟಿಯನ್ನು ನಮ್ಮ ಕಡೆಗೇ ತಳ್ಳಿದ. ಅಲ್ಲೇ ನಿಂತು ಇಡೀ ಬುಟ್ಟಿ ತಿಂದೆವು, ಬೀಜಗಳನ್ನು ಎಣಿಸಿ ಅವನ ಕೈಗೆ ಹಾಕಿದೆವು. ಅತ್ತೆಯವರ ಕ್ಷಮೆ ಕೇಳಿದೆನೆಂದು ಹೇಳಿ.

ಆ ಎರಡನೆಯ ದಿನದ ದಡವನ್ನೂ ಮರೆತಿಲ್ಲ. ಗಾಳಿಯಲ್ಲಿ ಕೊಳೆತ ವಾಸನೆ ಬಂತು. "ಏನಿದು?" ಎಂದೆ. ನೀವು ತೇಲಿಸಲಿಲ್ಲ. ಒಂದೊಂದು ಉಡವನ್ನೂ, ಅದು ಹೇಗೆ ಮಲಗಿದೆ, ಯಾವ ಕಡೆ ಮುಖ ಮಾಡಿದೆ ಎಂದು ಹೇಳುತ್ತಾ ನಡೆಸಿದಿರಿ. ನಿಮ್ಮ ದನಿ ಒಂದು ಸಲ ಒಡೆಯಿತು. ನನ್ನ ಕಿವಿಗೆ ಗೊತ್ತಾಗದೇ ಇರುತ್ತದೆಯೇ?

ಆಮೇಲೆ ಜ್ವಾಲಾಮುಖಿಯ ಹಾದಿ. ನನ್ನನ್ನು ಬಂಡೆಯ ಮೇಲೆ ಕೂರಿಸಿ, "ಬೂಟಿನ ದಾರ ಬಿಚ್ಚಿಬಿಡಿ ದೋನ್ಯಾ, ಅವಕ್ಕೆ ದಾರ ಅಂದ್ರೆ ಪ್ರಾಣ. ಇನ್ನು ನೀವು ಬಂಡೆ, ಅಷ್ಟೇ" ಎಂದಿರಿ. ಎಷ್ಟು ಹೊತ್ತು ಕೂತೆವೋ. ಕಾಲು ಜೋಮು ಹಿಡಿಯಿತು, ಬೆವರು ಇಳಿಯಿತು. ನನಗಾಗಿ ಮೂವರು ಹೆಂಗಸರು ಬಿಸಿಲಿನಲ್ಲಿ ಕಲ್ಲಾಗಿ ಕೂತಿದ್ದರು. ಬ್ಲಾಂಕಾಳ ಮೌನ ನನಗೆ ಹಕ್ಕಿಗಿಂತ ಮೊದಲು ಕೇಳಿಸಿತು. ಇಷ್ಟು ವರ್ಷದ ಸ್ನೇಹದಲ್ಲಿ ಅವಳು ನನಗೆ ಕೊಟ್ಟ ಅತಿ ದೊಡ್ಡ ಉಡುಗೊರೆ ಅದು, ಅದನ್ನು ಅವಳಿಗೆ ಹೇಳಿಯೂ ಹೇಳಿದೆ.

ಆಗ ಯಾರೋ ದಾರ ಎಳೆದರು. ಬಿಟ್ಟರು. ಮತ್ತೆ ಎಳೆದರು. ಆಮೇಲೆ ಬೂಟಿನ ಮೇಲೆ ಒಂದಿಷ್ಟು ಭಾರ, ಮೊಣಕಾಲಿನ ಮೇಲೆ ಉಗುರು. ಹಾಲಿನೊಳಗಿಂದ ಒಂದು ಕಂದು ಬಣ್ಣ ಎದ್ದು ಬಂತು. ಗೆರೆಗೆರೆಯ ಎದೆ, ಬಾಗಿದ ಕೊಕ್ಕು, ಹಳದಿ ಕಣ್ಣು. ಅದು ಕತ್ತು ಓರೆ ಮಾಡಿ ನನ್ನ ಮುಖವನ್ನೇ ನೋಡಿತು. ಈಚೆಗೆ ಇಷ್ಟು ಹತ್ತಿರ ಬಂದು ನನ್ನ ಕಣ್ಣು ನೋಡಿದವರು ವೈದ್ಯರು ಮಾತ್ರ, ಅವರೆಲ್ಲ ಕೊನೆಗೆ ತಲೆಯಾಡಿಸಿದರು. ಈ ಹಕ್ಕಿ ತಲೆಯಾಡಿಸಲಿಲ್ಲ. ನಾನು ಅದನ್ನು ಪೂರ್ತಿ ನೋಡಿದೆ ಎಲಿಸೆಯೊ, ಒಂದು ಗರಿಯೂ ಬಿಡದೆ.

ನೀವು ಊರಿನ ಮಾತು ಮುರಿದು ನಿಜ ಬರೆಯದಿದ್ದರೆ ನಾನು ಇದನ್ನು ಕಾಣುತ್ತಿರಲಿಲ್ಲ. ನಿಮ್ಮ ಋಣ ದೊಡ್ಡದು.

ಲಸ್ತೇನಿಯಾ


ಪ್ವೆರ್ತೊ ವಿಯಾಮಿಲ್
9 ಆಗಸ್ಟ್ 1998

ಪ್ರೀತಿಯ ಲಸ್ತೇನಿಯಾ ಅಕ್ಕಾ,

ತಡವಾಯಿತು, ಬೈಯಬೇಡಿ. ಒಳ್ಳೆಯ ಸುದ್ದಿಯೊಂದಿಗೆ ಬರೆಯೋಣವೆಂದು ಕಾದೆ. ಕಡಲು ತಣ್ಣಗಾಗಿದೆ! ಪಾಚಿ ಮತ್ತೆ ಚಿಗುರಿದೆ. ಉಳಿದ ಉಡಗಳು ಹೊಟ್ಟೆ ತುಂಬ ತಿಂದು ಬಿಸಿಲಿಗೆ ಬಿದ್ದುಕೊಂಡು, ನಮ್ಮನ್ನು ಕಂಡರೆ ಮೊದಲಿನ ಹಾಗೆ ಮೂಗಿನಿಂದ ಉಪ್ಪುನೀರು ಉಗುಳುತ್ತಿವೆ. ಆ ಉಗುಳನ್ನು ಕಂಡು ವಾಷಿಂಗ್ಟನ್ ಚಪ್ಪಾಳೆ ತಟ್ಟಿದ.

ನೀವು ಋಣ ಎಂದಿರಿ. ಅದು ತಿರುಗಾಮುರುಗಾ ಆಗಿದೆ. ನಿಮಗೆ ನಿಜ ಬರೆದು ಕಳಿಸಿದ ದಿನ ಇದ್ದ ಒಂದು ಗುಂಪೂ ಕೈಬಿಟ್ಟು ಹೋಯಿತೆಂದೇ ತಿಳಿದಿದ್ದೆ. ನೀವು ಬಂದಿರಿ. ಆಮೇಲೆ ಕೇಳಿದವರಿಗೆಲ್ಲ ನಿಜವನ್ನೇ ಬರೆದೆ. ಊರಿನ ದೋಣಿಯವರು ಎರಡು ತಿಂಗಳು ನನ್ನ ಮುಖ ನೋಡಲಿಲ್ಲ. ನಿಜ ಓದಿ ಅರ್ಧ ಜನ ಹಿಂದೆ ಸರಿದರು, ಬಂದ ಅರ್ಧ ಜನ ಮಾತ್ರ ಕೂರಬಲ್ಲವರು. ಹಾಳೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ: "ನಡೆಯಲು ಬಂದವರಿಗಿಂತ ಕೂರಲು ಬಂದವರು ಇಲ್ಲಿ ಹೆಚ್ಚನ್ನು ನೋಡುತ್ತಾರೆ." ಪಿಯಾನೊ ಹಡಗಿನವರೂ ಇದನ್ನು ಓದಿ ನಕ್ಕರಂತೆ. ನಗಲಿ.

ನೀಲಿಗಾಲಿನವು ಮರಳಿ ಬಂದು ಕುಣಿಯುತ್ತಿವೆ. ನೋಡಲು ಬನ್ನಿ ಎಂದು ಬರೆಯಹೊರಟು ಪೆನ್ನು ನಿಲ್ಲಿಸಿದೆ. ಅತ್ತೆ, "ಯಾಕೋ ನಿಲ್ಲಿಸಿದೆ? ಅವರು ಕೇಳಿಸ್ಕೊಳ್ಳೋರು, ನೀನು ವಟಗುಟ್ಟೋನು. ಬಾ ಅನ್ನು" ಎಂದರು. ಬನ್ನಿ ಅಕ್ಕಾ. ಒಂದೊಂದು ಹೆಜ್ಜೆಯನ್ನೂ ಹೇಳುತ್ತೇನೆ.

ನಿಮ್ಮ ಎಲಿಸೆಯೊ


ಅಂಬಾತೊ
20 ಡಿಸೆಂಬರ್ 1998

ಎಲಿಸೆಯೊ ತಮ್ಮಾ,

ಈ ಅಕ್ಷರ ಮಿರೆಯಾಳದು, ಮಾತು ನನ್ನದು. ಅಕ್ಷರ ಸಣ್ಣದಾಗಿದೆ, ನಾನೀಗ ಕೂಗುತ್ತಿಲ್ಲವೆಂದು ಅತ್ತೆಯವರಿಗೆ ಹೇಳು.

ವೈದ್ಯರು ಹೇಳಿದ ಗಡುವು ತಪ್ಪಲಿಲ್ಲ. ಆ ಒಂದು ಮೊಳವೂ ಹೋಯಿತು. ಒಂದು ದಿನವೆಲ್ಲ ಅಳುತ್ತಾ ಕೂತೆ. ಮಾರನೆಯ ದಿನ ಬ್ಲಾಂಕಾ ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ ನಿನ್ನ ಧಾಟಿಯಲ್ಲೇ ವರ್ಣಿಸಿದಳು: "ಗಂಡು, ಬೊಕ್ಕತಲೆ, ಮರಿಗಳಿಲ್ಲ, ಎರಡು ಮೀಟರು ದೂರದಲ್ಲಿದೆ." ನಕ್ಕೂ ನಕ್ಕೂ ಕಣ್ಣಲ್ಲಿ ಬೇರೆ ನೀರು ಬಂತು.

ನಾನು ಕಟ್ಟಕಡೆಗೆ ಸ್ಪಷ್ಟವಾಗಿ ನೋಡಿದ ಮುಖ ಯಾವುದು ಎಂದು ಜನ ಕೇಳುತ್ತಾರೆ. ಎಷ್ಟೋ ಮುಖಗಳನ್ನು ನೋಡಿರಬೇಕು. ಆದರೆ ಕಣ್ಣು ಮುಚ್ಚಲಿ, ತೆರೆಯಲಿ, ನನ್ನೆದುರು ಬಂದು ಕೂರುವುದು ಆ ಹಳದಿ ಕಣ್ಣು. ಹಾಗಾಗಿ ನನ್ನ ಹಾಲು ಬರಿಯ ಹಾಲಲ್ಲ, ಅದರಲ್ಲೊಂದು ಹಕ್ಕಿಯಿದೆ. ಅದನ್ನು ಕೊಟ್ಟವನು ನೀನು. ಮಾರ್ಚಿನಲ್ಲಿ ಬರುತ್ತೇವೆ, ನಾಲ್ವರೂ. ಹಣ್ಣು ತರುವುದಿಲ್ಲ.

ಬೆಳಿಗ್ಗೆ ಬಿಸಿಲು ಬಂದಾಗ ಅಂಗಳದ ಕಲ್ಲಿನ ಮೇಲೆ ಕೂರುತ್ತೇನೆ. ಇಂದು ಮಿರೆಯಾ ಓಡಿ ಬಂದು, "ಅತ್ತೆ, ನಿಮ್ಮ ಬೂಟಿನ ದಾರ ಬಿಚ್ಚಿದೆ, ಎಡವಿ ಬೀಳ್ತೀರಿ, ಕಾಲು ಕೊಡಿ ಕಟ್ತೀನಿ" ಎಂದು ಬಗ್ಗಿದಳು.

"ಬಿಡೇ, ಹಾಗೇ ಇರಲಿ," ಎಂದೆ. "ಯಾರಾದ್ರೂ ಬಂದಾರು."

ನಿನ್ನ ಅಕ್ಕ,
ಲಸ್ತೇನಿಯಾ